ಬೆಲ್ಲ ಕೊಂಡವರು, ಪಾಠ ಹೇಳಿದವರು

1847ರಲ್ಲಿ ಗ್ರೋವ್ಸ್ ಕಂಪನಿ ನಮ್ಮ ಪಾಲಹಳ್ಳಿಯಲ್ಲಿ ಅಷ್ಟಗ್ರಾಮ ಸಕ್ಕರೆ ಕಾರ್ಖಾನೆ ತೆರೆಯಿತು. ರೈತರು ಆಲೆಮನೆಯಲ್ಲಿ ಕಾಯಿಸಿದ ಬೆಲ್ಲವನ್ನು ಕೊಂಡು, ಶುದ್ಧಮಾಡಿ, ಸಕ್ಕರೆ ತೆಗೆಯುವುದು ಅದರ ಕೆಲಸ. 1851ರ ಲಂಡನ್ ಪ್ರದರ್ಶನದಲ್ಲಿ ಆ ಸಕ್ಕರೆಗೆ ಬಹುಮಾನವೂ ಬಂತು. ಮೇಷ್ಟರಾಗಿದ್ದಾಗ ನಾನಿದನ್ನು ಬಲು ಜಂಬದಿಂದ ಹೇಳುತ್ತಿದ್ದೆ. ಒಂದು ಸಲ ಹಿಂದಿನ ಸಾಲಿನ ದಲಿತ ಹುಡುಗಿಯೊಬ್ಬಳು, “ಸಾ, ಸಕ್ಕರೆ ಮಾಡೋದ ನಮ್ಮೋರಿಗೆ ಯಾರಾದ್ರೂ ಕಲಿಸಿದ್ರಾ?” ಅಂದಳು.

ಕಲಿಸುವ ಮಾತಿರಲಿ, ಸರ್ಕಾರಿ ಶಾಲೆಗಳು ದಲಿತ ಮಕ್ಕಳಿಗೂ ತೆರೆದಿರಬೇಕೆಂದು ಮೈಸೂರು ಸರ್ಕಾರ ಅಪ್ಪಣೆ ಮಾಡಿದ್ದೇ 1915ರಲ್ಲಿ. ಅಪ್ಪಣೆ ಆದ ಮಾತ್ರಕ್ಕೆ ಊರು ಒಪ್ಪುತ್ತದೆಯೇ?

ಅಷ್ಟರಲ್ಲಿ ಅಮೆರಿಕದ ಅಲಬಾಮದಲ್ಲಿ ಕರಿಯರ ಕಾಲೇಜೊಂದು ಹೊಲಕ್ಕೇ ನಡೆದಿತ್ತು. ಬೂಕರ್ ವಾಷಿಂಗ್ಟನ್ 1881ರಲ್ಲಿ ಕಟ್ಟಿದ ಟಸ್ಕೆಗೀ ಸಂಸ್ಥೆಯಿಂದ 1906ರಲ್ಲಿ ಒಂದು ಗಾಡಿ ಹೊರಟಿತು. ಉಪಕರಣ ಹೇರಿಕೊಂಡು ಹಳ್ಳಿಹಳ್ಳಿಗೆ ಹೋಗಿ, ಶಾಲೆಯ ಮುಖ ಕಾಣದ ಬಡ ರೈತರಿಗೆ ಬೇಸಾಯದ ಪಾಠ ಹೇಳುತ್ತಿತ್ತು. ಅದನ್ನು ರೂಪಿಸಿದ ಜಾರ್ಜ್ ಕಾರ್ವರ್ ಗುಲಾಮಗಿರಿಯಲ್ಲೇ ಹುಟ್ಟಿದವರು.

ನಮ್ಮಲ್ಲಿ ಅಂಥ ಕೆಲಸ ಬಂದದ್ದು ನಿಧಾನವಾಗಿ. ಕೃಷಿ ನಿರ್ದೇಶಕ ಲೆಸ್ಲಿ ಕೋಲ್ಮನ್ ಅವರ ಶ್ರಮದಿಂದ 1933ರಲ್ಲಿ ಮಂಡ್ಯಕ್ಕೆ ಮೈಸೂರು ಸಕ್ಕರೆ ಕಂಪನಿ ಬಂತು. ಪಾಠ ಹೇಳಲೆಂದೇ 1947ರಲ್ಲಿ ನಂಜನಗೂಡಿನಲ್ಲಿ ವಯಸ್ಕರ ಶಿಕ್ಷಣದ ವಿದ್ಯಾಪೀಠ ಶುರುವಾಯಿತು. ಹಳ್ಳಿಯ ಯುವಕರು ಅಲ್ಲೇ ಉಳಿದು ಬೇಸಾಯ, ಕೈಕಸುಬು ಕಲಿತರು. ಮಾದರಿ ಮಾತ್ರ ಡೆನ್ಮಾರ್ಕಿನದು. ಅಲ್ಲಿನ ರೈತನಿಗೆ ಸ್ವಂತ ಹೊಲವಿತ್ತು. ಪ್ರಶ್ನೆ ಕೇಳಿದ ಆ ಹುಡುಗಿಯ ಮನೆಯವರಿಗೆ ಇರಲಿಲ್ಲ. ಟಸ್ಕೆಗೀಯ ಗಾಡಿಯೇ ನಮಗೆ ಹತ್ತಿರದ್ದೆಂದು ನನ್ನ ಲೆಕ್ಕ.