ಖಾಲಿ ತೋಟಾ ಹೆಕ್ಕುವವರು

ಬಂದೂಕಿನ ಅಭ್ಯಾಸ ನಡೆಯುವ ಬಯಲಿನಲ್ಲಿ ಗುಂಡು ಹಾರಿಸಿದವರೆಲ್ಲ ಗುರಿಹಲಗೆಯ ಕಡೆ ನೋಡುತ್ತಾರೆ. ಅಮೆರಿಕದಲ್ಲಿ ಒಂದು ಬಗೆಯ ಜನ ಮಾತ್ರ ಮೊದಲು ನೆಲ ನೋಡುತ್ತಾರೆ. ಕೋವಿಯಿಂದ ಹೊರಕ್ಕೆ ಚಿಮ್ಮಿದ ಖಾಲಿ ತೋಟಾ ಎಲ್ಲಿ ಬಿತ್ತು ಎಂಬುದು ಅವರ ಚಿಂತೆ. ತಮ್ಮದನ್ನು ಆರಿಸಿಕೊಂಡ ಮೇಲೆ ಪಕ್ಕದವನು ಬಿಟ್ಟುಹೋದದ್ದರ ಮೇಲೂ ಒಂದು ಕಣ್ಣು. ಡಬ್ಬಿ ತುಂಬಾ ಮನೆಗೆ ಒಯ್ದು, ಉಜ್ಜಿ ಹೊಳಪು ಕೊಟ್ಟು, ಮತ್ತೆ ಮದ್ದುಗುಂಡು ತುಂಬಿ, ಅದೇ ತೋಟಾವನ್ನು ಹಲವು ಸಲ ಬಳಸುವ ಹವ್ಯಾಸಿಗಳು ಇವರು. ಈ ಕೆಲಸಕ್ಕೆ ‘ರೀಲೋಡಿಂಗ್’ ಎಂದು ಹೆಸರು. ಏಕೆ ಎಂದು ಕೇಳಿದರೆ ದುಡ್ಡು ಉಳಿಸುವುದಕ್ಕೆ ಎನ್ನುತ್ತಾರೆ. ಅದನ್ನು ಪೂರ್ತಿ ನಂಬಬೇಕಾಗಿಲ್ಲ.

ತೋಟಾ ಎಂದರೆ ನಾಲ್ಕು ವಸ್ತುಗಳ ಒಂದು ಕಟ್ಟು. ಹಿತ್ತಾಳೆಯ ಚಿಪ್ಪು, ಅದರ ಬುಡದಲ್ಲಿ ಕೇಪು, ಹೊಟ್ಟೆಯಲ್ಲಿ ಮದ್ದು, ಬಾಯಲ್ಲಿ ಗುಂಡು. ಕುದುರೆ ಎಳೆದಾಗ ಕೇಪು ಸಿಡಿಯುತ್ತದೆ, ಆ ಕಿಡಿಗೆ ಮದ್ದು ಹೊತ್ತುತ್ತದೆ, ಗುಂಡು ಹಾರುತ್ತದೆ. ಮೂರು ಖರ್ಚಾಗಿ ಹಿತ್ತಾಳೆ ಮಾತ್ರ ಉಳಿಯುತ್ತದೆ. ಸಾಮಾನ್ಯವಾಗಿ ನಾಲ್ಕರಲ್ಲಿ ದುಬಾರಿಯಾದದ್ದೂ ಅದೇ.

ನಮ್ಮ ಮಲೆನಾಡಿನ ಕೇಪಿನ ಕೋವಿಯನ್ನು ಕಂಡವರಿಗೆ ಇದರ ಮೂಲ ಸುಲಭವಾಗಿ ಹೊಳೆಯುತ್ತದೆ. ನಳಿಗೆಯ ಬಾಯಿಂದ ಮದ್ದು ಸುರಿದು, ಗಜದಿಂದ ಜಡಿದು, ಚರೆ ಹಾಕಿ ಈಡು ತುಂಬುವವನು ಪ್ರತಿ ಸಲವೂ ತನ್ನ ಅಳತೆಯನ್ನು ತಾನೇ ಹಾಕಬೇಕು. 1860ರ ದಶಕದವರೆಗೆ ಅಮೆರಿಕದವರ ಪಾಡೂ ಬಹುಮಟ್ಟಿಗೆ ಇದೇ ಆಗಿತ್ತು. ಲೋಹದ ತೋಟಾ ಬಂದ ಮೇಲೆ ಆ ಅಳತೆ ಕಾರ್ಖಾನೆಯ ಕೈಗೆ ಹೋಯಿತು. ಅದನ್ನು ಬಿಟ್ಟುಕೊಡಲು ಒಪ್ಪದವರ ಸಂತತಿಯೇ ಇಂದಿನ ರೀಲೋಡಿಂಗ್ ಮಂದಿ.

ಮೊದಮೊದಲು ಅದಕ್ಕೆ ನಿಜವಾದ ಕಾರಣವಿತ್ತು. ಪಶ್ಚಿಮದ ಬಯಲುಸೀಮೆಯಲ್ಲಿ ಅಂಗಡಿ ಎಂದರೆ ಹಲವು ದಿನದ ಹಾದಿ. 1870ರ ದಶಕದಲ್ಲಿ ಚರ್ಮಕ್ಕಾಗಿ ಕಾಡೆಮ್ಮೆಗಳನ್ನು, ಅಂದರೆ ಬೈಸನ್‌ಗಳನ್ನು ಬೇಟೆಯಾಡುತ್ತಿದ್ದವರು ಸೀಸವನ್ನೂ ಮದ್ದನ್ನೂ ಸಗಟಾಗಿ ಕೊಂಡು ಗಾಡಿಯಲ್ಲಿ ಹೇರಿಕೊಂಡು ಹೋಗುತ್ತಿದ್ದರು. ಹಗಲೆಲ್ಲ ಕೊಲ್ಲುವುದು, ಸಂಜೆ ಬಿಡಾರದ ಬೆಂಕಿಯಲ್ಲಿ ಸೀಸ ಕರಗಿಸಿ ಮರುದಿನದ ತೋಟಾ ತುಂಬುವುದು. ಶತಮಾನದ ಆರಂಭದಲ್ಲಿ ಕೋಟಿಗಟ್ಟಲೆ ಇದ್ದ ಬೈಸನ್‌ಗಳು, 1889ರಲ್ಲಿ ಪ್ರಾಣಿಶಾಸ್ತ್ರಜ್ಞ ವಿಲಿಯಂ ಹಾರ್ನಡೇ ಲೆಕ್ಕ ಹಾಕಿದಾಗ ಉತ್ತರ ಅಮೆರಿಕದಲ್ಲೆಲ್ಲ ಸೇರಿ ಸಾವಿರ ಚಿಲ್ಲರೆ ಉಳಿದಿದ್ದವು. ಈ ನಾಶಕ್ಕೆ ರೈಲು, ಚರ್ಮದ ಪೇಟೆ ಹೀಗೆ ಕಾರಣಗಳು ಹಲವು. ಆದರೆ ಒಂದೊಂದು ಗುಂಡಿನ ಖರ್ಚನ್ನು ಇಳಿಸಿದ ಆ ಸಂಜೆಯ ಮಿತವ್ಯಯಕ್ಕೂ ಅದರಲ್ಲಿ ಪಾಲಿದೆ. ಹವ್ಯಾಸಿಗಳು ತಮ್ಮ ಹಿರಿಯರ ಜಾಣ್ಮೆಯನ್ನು ಹೊಗಳುವಾಗ ಈ ಪುಟವನ್ನು ಬೇಗ ಮಗುಚುತ್ತಾರೆ.

1884ರಲ್ಲಿ ಕನೆಕ್ಟಿಕಟ್ ರಾಜ್ಯದ ನ್ಯೂ ಹೇವನ್‌ನಲ್ಲಿ ಜಾನ್ ಬಾರ್ಲೊ ಎಂಬಾತ ‘ಐಡಿಯಲ್’ ಎಂಬ ಕಂಪನಿ ತೆರೆದ. ಆತ ಮಾರಿದ ಸಲಕರಣೆ ನೋಡಲು ನಮ್ಮ ಅಡಕತ್ತರಿಯ ದಾಯಾದಿಯಂತಿತ್ತು. ಹಳೆಯ ಕೇಪು ಕೀಳುವುದು, ಹೊಸದು ಕೂರಿಸುವುದು, ಗುಂಡು ಒತ್ತುವುದು ಎಲ್ಲವೂ ಅದರಲ್ಲೇ. ಜೇಬಿನಲ್ಲಿ ಇಟ್ಟುಕೊಂಡು ಕುದುರೆ ಹತ್ತಬಹುದಿತ್ತು.

ಈ ಹವ್ಯಾಸ ಅಮೆರಿಕದಲ್ಲಿ ಇಷ್ಟು ಬೇರು ಬಿಡಲು ಇತಿಹಾಸದ ಒಂದು ತಮಾಷೆಯೂ ಕಾರಣ. ಕೇಪಿನಲ್ಲಿ ಎರಡು ಬಗೆ. ಒಂದನ್ನು ರೂಪಿಸಿದವನು ಅಮೆರಿಕದ ಹೈರಮ್ ಬರ್ಡನ್, ಇನ್ನೊಂದನ್ನು ಇಂಗ್ಲೆಂಡಿನ ಸೇನಾಧಿಕಾರಿ ಎಡ್ವರ್ಡ್ ಬಾಕ್ಸರ್. ಎರಡೂ 1866ರ ಆಸುಪಾಸಿನವು. ಬಾಕ್ಸರನ ಪದ್ಧತಿಯಲ್ಲಿ ಚಿಪ್ಪಿನ ಬುಡದ ನಡುವೆ ಒಂದೇ ತೂತು. ಬಾಯಿಂದ ಒಂದು ಕಡ್ಡಿ ತೂರಿಸಿ ಒತ್ತಿದರೆ ಸತ್ತ ಕೇಪು ಕೆಳಗೆ ಉದುರುತ್ತದೆ. ಬರ್ಡನನದರಲ್ಲಿ ಸಾಮಾನ್ಯವಾಗಿ ಎರಡು ಸಣ್ಣ ತೂತು, ಅವೂ ಬದಿಗೆ. ಕಡ್ಡಿಯ ಆಟ ಅಲ್ಲಿ ನಡೆಯದು. ಆದದ್ದೇನು ನೋಡಿ: ಇಂಗ್ಲಿಷಿನವನ ಕೇಪು ಅಮೆರಿಕದಲ್ಲಿ ನಿಂತಿತು, ಅಮೆರಿಕದವನ ಕೇಪು ಯೂರೋಪಿಗೆ ಹೋಯಿತು.

ಎರಡನೆಯ ಮಹಾಯುದ್ಧ ಮುಗಿದ ಮೇಲೆ ಇದು ಮನೆಮನೆಯ ಕಸುಬಾಯಿತು. ಸರ್ಕಾರದ ಬಳಿ ಉಳಿದ ಮದ್ದಿಗೆ ಗಿರಾಕಿಗಳಿರಲಿಲ್ಲ. ಕಾನ್ಸಾಸ್‌ನ ಬ್ರೂಸ್ ಹಾಜ್ಡನ್ ಸಾಲ ಮಾಡಿ ಅದನ್ನು ಕೊಂಡ. ಇಡಲು ಜಾಗವಿಲ್ಲದೆ, ಹುಲ್ಲುಗಾವಲಿನಲ್ಲಿ ನಿಲ್ಲಿಸಿದ ಹಳೆಯ ರೈಲುಡಬ್ಬಿಯೇ ಅವನ ಉಗ್ರಾಣವಾಯಿತು. ಅಲ್ಲಿಂದ ಹುಟ್ಟಿದ ಕಂಪನಿ ಇಂದಿಗೂ ಮದ್ದು ಮಾರುತ್ತಿದೆ. ಅದಕ್ಕೂ ಮೊದಲೇ, ಯುದ್ಧದ ನಡುವೆ, ಕ್ಯಾಲಿಫೋರ್ನಿಯಾದ ಫ್ರೆಡ್ ಹಂಟಿಂಗ್‌ಟನ್ ತನ್ನ ತಂದೆಯ ಲಾಂಡ್ರಿಯ ಹಿಂಬದಿಯಲ್ಲಿ ಗುಂಡು ಒತ್ತುವ ಅಚ್ಚು ತಯಾರಿಸುತ್ತಿದ್ದ. ಚಿಕ್ಕ ಬಂದೂಕುಗಳ ಖಾಲಿ ಚಿಪ್ಪುಗಳೇ ಆ ಗುಂಡುಗಳಿಗೆ ಹೊದಿಕೆ.

ಸೀಸದ ಬೇಟೆಯದೇ ಇನ್ನೊಂದು ಕಥೆ. ಗುಂಡು ಎರಕ ಹೊಯ್ಯುವವರು ಟೈರು ರಿಪೇರಿ ಅಂಗಡಿಗಳ ಮುಂದೆ ನಿಂತು, ಚಕ್ರದ ತೂಕ ಸರಿದೂಗಿಸುವ ಸೀಸದ ತುಂಡುಗಳನ್ನು ಬೇಡುತ್ತಿದ್ದರು. ಆದರೆ ಅವರು ಚಿನ್ನದಂತೆ ಕಂಡದ್ದು ಲೈನೊಟೈಪ್ ಲೋಹವನ್ನು. ಪತ್ರಿಕೆಗಳ ಸಾಲುಗಳನ್ನು ಎರಕ ಹೊಯ್ಯುತ್ತಿದ್ದ ಯಂತ್ರದ ಲೋಹ ಅದು: ನೂರು ಪಾಲಿನಲ್ಲಿ ಸುಮಾರು 84 ಸೀಸ, 12 ಆಂಟಿಮನಿ, 4 ತವರ. ಸೀಸಕ್ಕಿಂತ ಗಟ್ಟಿ, ಅಚ್ಚಿನ ಮೂಲೆಮೂಲೆಗೂ ಹರಿಯುವಂಥದು. 1970ರ ದಶಕದಲ್ಲಿ ಪತ್ರಿಕೆಗಳು ಬಿಸಿ ಲೋಹದ ಅಚ್ಚನ್ನು ಬಿಟ್ಟವು. ‘ನ್ಯೂಯಾರ್ಕ್ ಟೈಮ್ಸ್’ ಬಿಟ್ಟದ್ದು 1978ರ ಜುಲೈನಲ್ಲಿ. ಹೀಗೆ ಮುದ್ರಣಾಲಯಗಳಿಂದ ಹೊರಬಿದ್ದ ಲೋಹದಲ್ಲಿ ಒಂದಿಷ್ಟು ಈ ಹವ್ಯಾಸಿಗಳ ಕುಲುಮೆ ಸೇರಿತು. ಒಂದು ಕಾಲಕ್ಕೆ ಚುನಾವಣೆಯ ಫಲಿತಾಂಶವನ್ನೂ ನಿಧನವಾರ್ತೆಯನ್ನೂ ಹೇಳಿದ ಲೋಹ ಹೀಗೆ ಗುಂಡಾದದ್ದನ್ನು ಪತ್ರಿಕೆಯವರು ಸುಮ್ಮನೆ ಓದಿ ಮುಂದೆ ಹೋಗಲಾರರು.

ಇವರ ಅಳತೆಯ ಶ್ರದ್ಧೆಯನ್ನು ನಮ್ಮ ಅಕ್ಕಸಾಲಿಗರು ಮಾತ್ರ ಮೆಚ್ಚಿಯಾರು. ಮದ್ದನ್ನು ತೂಗುವುದು ‘ಗ್ರೇನ್’ ಲೆಕ್ಕದಲ್ಲಿ. ಗ್ರೇನ್ ಎಂದರೆ ಕಾಳು. ಒಂದು ಪೌಂಡಿಗೆ 7000 ಗ್ರೇನ್. ನಮ್ಮ ಒಂದು ಗುಲಗಂಜಿ ಹೆಚ್ಚುಕಡಿಮೆ ಎರಡು ಗ್ರೇನ್ ತೂಗುತ್ತದೆ. ಇವರ ತಕ್ಕಡಿ ಗ್ರೇನಿನ ಹತ್ತನೆಯ ಒಂದು ಭಾಗವನ್ನು ಹಿಡಿಯುತ್ತದೆ. ಮೇಜಿನ ಮೇಲೆ ಒಂದು ಹೊತ್ತಿಗೆ ಒಂದೇ ಬಗೆಯ ಮದ್ದಿನ ಡಬ್ಬಿ ಇರಬೇಕು. ಟೀವಿ ಇಲ್ಲ, ಬೀಡಿ ಸಿಗರೇಟಿಲ್ಲ, ಹರಟೆಯೂ ಇಲ್ಲ. ಸಾಲಾಗಿ ನಿಲ್ಲಿಸಿದ ಚಿಪ್ಪುಗಳ ಬಾಯಿಗೆ ದೀಪ ಹಿಡಿದು ಒಂದೊಂದನ್ನೂ ಇಣುಕಬೇಕು. ಒಂದಕ್ಕೆ ಎರಡು ಸಲ ಮದ್ದು ಬಿದ್ದಿದ್ದರೆ ಕೋವಿ ಕೈಯಲ್ಲೇ ಒಡೆಯುತ್ತದೆ. ದಿನಾಂಕ, ಅಳತೆ, ಫಲ ಎಲ್ಲವೂ ಒಂದು ನೋಟುಪುಸ್ತಕಕ್ಕೆ. ಈ ಮಡಿಯನ್ನು ಕಂಡು ನಗಬಹುದು, ಆದರೆ ಅದು ಗಾಯದಿಂದ ಬಂದ ಮಡಿ.

ಎಲ್ಮರ್ ಕೀತ್ ಈ ಪಂಥದ ಹಿರಿಯ. 1925ರ ಜುಲೈ 4ರ ಸ್ವಾತಂತ್ರ್ಯದಿನದಂದು ತಾನೇ ಭಾರಿಯಾಗಿ ತುಂಬಿದ್ದ ತೋಟಾಗಳನ್ನು ಹಾರಿಸುತ್ತಿದ್ದಾಗ ಅವನ .45 ರಿವಾಲ್ವರಿನ ತಿರುಗುವ ಗೂಡು ಒಡೆದುಹೋಯಿತು. ಆತ ಹವ್ಯಾಸ ಬಿಡಲಿಲ್ಲ. ಗೂಡಿನ ಗೋಡೆ ದಪ್ಪವಾಗಿ ಉಳಿಯುವ .44 ಅಳತೆಗೆ ಬದಲಾಯಿಸಿಕೊಂಡ. ಮುಂದೆ ವರ್ಷಗಟ್ಟಲೆ ಕಂಪನಿಗಳಿಗೂ ಪತ್ರಿಕೆಗಳಿಗೂ ಬರೆದು ಕಾಡಿದ. ಕೊನೆಗೆ 1956ರ ಹೊತ್ತಿಗೆ ‘.44 ಮ್ಯಾಗ್ನಮ್’ ಅಂಗಡಿಗೆ ಬಂತು. ಹವ್ಯಾಸಿಗಳು ಮನೆಯಲ್ಲಿ ಹೊಂದಿಸಿಕೊಂಡ ಇಂಥ ಅನಧಿಕೃತ ತೋಟಾಗಳಿಗೆ ಅಲ್ಲಿ ‘ಕಾಡುಬೆಕ್ಕು’ ಎಂದು ಹೆಸರು. 1930ರ ದಶಕದ ಕಾಡುಬೆಕ್ಕಾದ .22-250 ಅನ್ನು ರೆಮಿಂಗ್‌ಟನ್ ಕಂಪನಿ ತನ್ನ ಪಟ್ಟಿಗೆ ಸೇರಿಸಿದ್ದು 1965ರಲ್ಲಿ. ಕಾರ್ಖಾನೆ ಕಲಿತದ್ದು ಅಡ್ಡಕಸುಬಿಗಳಿಂದ!

ಇನ್ನು ಉಳಿತಾಯದ ಮಾತು. ಒಂದು ತೋಟಾಕ್ಕೆ ಬೀಳುವ ಖರ್ಚು ತಗ್ಗುವುದು ಹೌದು. ಆದರೆ ಅಷ್ಟೇ ದುಡ್ಡಿಗೆ ಹೆಚ್ಚು ಗುಂಡು ಹಾರಿಸುತ್ತೇವೆ, ಉಳಿಯುವುದು ಏನೂ ಇಲ್ಲ ಎಂಬ ನಗೆಮಾತು ಅವರವರಲ್ಲೇ ಹಳೆಯದು. ನನಗೆ ಕಾಣುವಂತೆ ಅವರಿಗೆ ಬೇಕಾದದ್ದು ದುಡ್ಡಲ್ಲ, ಯಾರ ಹಂಗಿಲ್ಲದೆಯೂ ನಡೆಯುತ್ತದೆ ಎಂಬ ಧೈರ್ಯ. ನಮ್ಮಲ್ಲಾದರೆ 1959ರ ಆಯುಧ ಕಾಯಿದೆಯ ಪ್ರಕಾರ ಮದ್ದುಗುಂಡು ತಯಾರಿಕೆಗೆ ಪರವಾನಗಿ ಬೇಕು. ಹಾಗಾಗಿ ಈ ಧೈರ್ಯದ ರುಚಿ ನಮ್ಮ ಓದುಗರಿಗೆ ಅಷ್ಟಾಗಿ ಪರಿಚಯವಿಲ್ಲ.

ಅಲ್ಲಿಯೂ ಆ ಧೈರ್ಯಕ್ಕೆ ಒಂದು ಸಣ್ಣ ತೂತಿದೆ. ಹಿತ್ತಾಳೆ ನೆಲದಲ್ಲಿ ಸಿಗುತ್ತದೆ, ಗುಂಡು ಎರಕ ಹೊಯ್ಯಬಹುದು, ಒಂದು ಡಬ್ಬಿ ಮದ್ದು ಬಹಳ ಕಾಲ ಬರುತ್ತದೆ. ಕೇಪನ್ನು ಮಾತ್ರ ಬಹುಮಟ್ಟಿಗೆ ಕೊಂಡೇ ತರಬೇಕು. ತಟ್ಟಿದರೆ ಸಿಡಿಯುವ ರಾಸಾಯನಿಕದ ಆ ಬೊಟ್ಟಿನಷ್ಟು ಬಟ್ಟಲನ್ನು ಅಮೆರಿಕದಲ್ಲಿ ದೊಡ್ಡ ಪ್ರಮಾಣದಲ್ಲಿ ತಯಾರಿಸುವುದು ಬೆರಳೆಣಿಕೆಯ ಕಾರ್ಖಾನೆಗಳು. 2013ರಲ್ಲಿ ಬಂದೂಕು ಕಾನೂನು ಬಿಗಿಯಾಗುತ್ತದೆಂಬ ಗುಲ್ಲೆದ್ದಾಗ ಕೇಪು ಮಾಯವಾಯಿತು. 2020ರಲ್ಲಿ ಕೊರೋನಾ ಕಾಲದ ಗಾಬರಿಯ ಖರೀದಿಯಲ್ಲಿ ಮತ್ತೆ ಮಾಯವಾಗಿ ಬೆಲೆ ಹಲವು ಪಟ್ಟು ಏರಿತು. ಗ್ಯಾರೇಜಿನಲ್ಲಿ ಬಕೆಟ್ಟುಗಟ್ಟಲೆ ಹಿತ್ತಾಳೆ, ಮೂಲೆಯಲ್ಲಿ ಸೀಸದ ಗಟ್ಟಿಗಳು, ಕಪಾಟಿನಲ್ಲಿ ವರ್ಷಗಳಿಗಾಗುವಷ್ಟು ಮದ್ದು ಇಟ್ಟುಕೊಂಡಿದ್ದವರೂ ಅಂಗಡಿಯ ಬಾಗಿಲು ತೆರೆಯುವುದನ್ನೇ ಕಾದು ನಿಂತರು, ನೂರು ಕೇಪಿನ ಒಂದು ಪೆಟ್ಟಿಗೆಗಾಗಿ.