ಬಾಗಿಲಿಗೆ ಭತ್ತದ ತೆನೆ ತೋರಣ: ಅರ್ಥವೇನು, ಕಟ್ಟೋದು ಹೇಗೆ, ಕೊಳ್ಳುವಾಗ ಏನು ನೋಡಬೇಕು?

ತುಮಕೂರು: ಗೃಹಪ್ರವೇಶಕ್ಕೋ ಅಂಗಡಿ ಪೂಜೆಗೋ ಕಟ್ಟಿದ ಮಾವಿನ ಎಲೆ ಎರಡು ಮೂರು ದಿನಕ್ಕೆ ಬಾಡುತ್ತೆ. ಭತ್ತದ ತೆನೆಯ ತೋರಣ ಹಾಗಲ್ಲ, ಸರಿಯಾಗಿ ಒಣಗಿದ್ದರೆ ಮುಂದಿನ ಸುಗ್ಗಿವರೆಗೂ ಬಾಗಿಲ ಮೇಲೆ ಇರುತ್ತೆ.

ಅಷ್ಟಲಕ್ಷ್ಮಿಯರಲ್ಲಿ ಧಾನ್ಯಲಕ್ಷ್ಮಿಯ ಕೈಯಲ್ಲಿ ಇರೋದು ಇದೇ ತೆನೆ. ಹೊಸ ಸೊಸೆ ಹೊಸ್ತಿಲ ಮೇಲಿನ ಅಕ್ಕಿ ಸೇರನ್ನು ಬಲಗಾಲಲ್ಲಿ ಒದ್ದು ಒಳಗೆ ಬರುವುದರ ಹಿಂದೆಯೂ ಅದೇ ನಂಬಿಕೆ ಇದೆ: ಧಾನ್ಯ ಮನೆಯೊಳಕ್ಕೆ ಬರಬೇಕು.

ಜಿಲ್ಲೆಯ ಬಯಲುಸೀಮೆ ಹಳ್ಳಿಗಳಲ್ಲಿ ಕಣದ ರಾಶಿ ಎಂದರೆ ಬಹುಪಾಲು ರಾಗಿಯೇ. ಭತ್ತ ನೀರಿದ್ದ ಕಡೆಯ ಬೆಳೆ: ಕುಣಿಗಲ್ ದೊಡ್ಡಕೆರೆ, ಮಾರ್ಕೋನಹಳ್ಳಿ ಜಲಾಶಯ, ಗುಬ್ಬಿ ತಾಲ್ಲೂಕಿನ ಕಡಬ ಕೆರೆಗಳ ಅಚ್ಚುಕಟ್ಟಿನದು. ದಿನಾ ಮುದ್ದೆ, ಹಬ್ಬಕ್ಕೆ ಅನ್ನ ಎಂಬ ಕಾಲದಲ್ಲಿ ಬಾಗಿಲ ಮೇಲಿನ ಭತ್ತದ ತೆನೆ ಕೆರೆ ತುಂಬಿದ ವರ್ಷದ ಗುರುತೂ ಆಗಿತ್ತು. ಜಡೆ ಹೆಣೆದ ತೋರಣ ಮಾತ್ರ ಮಲೆನಾಡಿನ ಕಲೆ. ಸಾಗರದ ಕಡೆಯ ದೀವರ ಮನೆಗಳಲ್ಲಿ ಹಸೆ ಚಿತ್ತಾರದ ಜೊತೆ ಬೆಳೆದು ಬಂದದ್ದು. ಕೊಡಗಿನಲ್ಲಿ ಹುತ್ತರಿ ದಿನ ಕದಿರು ಕೊಯ್ದು ಮನೆಗೆ ತರುತ್ತಾರೆ.

ಕಟ್ಟೋ ಕೆಲಸದಲ್ಲಿ ಅರ್ಧ ಜಾಣತನ ಕೊಯ್ಲಿನಲ್ಲೇ ಇದೆ. ಪೂರ್ತಿ ಮಾಗಿದ ತೆನೆ ಮುಟ್ಟಿದರೆ ಕಾಳು ಉದುರುತ್ತೆ, ತೀರಾ ಹಸಿರಾದರೆ ಒಣಗಿದ ಮೇಲೆ ಜೊಳ್ಳಾಗುತ್ತೆ. ಕಾಳು ಗಟ್ಟಿಯಾಗಿ, ತೆನೆ ಹಳದಿಗೆ ತಿರುಗುವಾಗ ಕುಡುಗೋಲಿನಿಂದ ಬುಡದ ಹತ್ತಿರ ಕೊಯ್ಯಬೇಕು. ಸಣ್ಣ ಸಿವುಡು ಕಟ್ಟಿ ನೆರಳಲ್ಲಿ ತಲೆಕೆಳಗಾಗಿ ತೂಗುಹಾಕಬೇಕು, ಬಿಸಿಲಿಗೆ ಇಟ್ಟರೆ ಬಣ್ಣ ಹೋಗುತ್ತೆ. ಹೆಣೆಯುವ ಮುಂಚೆ ಕಡ್ಡಿಗೆ ನೀರು ಚಿಮುಕಿಸಿ ಮೆತ್ತಗೆ ಮಾಡಿಕೊಂಡು, ಮೂರು ಎಳೆ ಜಡೆ ಹಾಕುತ್ತಾ ಹೊಸ ಕಡ್ಡಿ ಸೇರಿಸುತ್ತಾ ಹೋದರೆ ತೆನೆಗಳು ಸಾಲಾಗಿ ಜೋತು ಬೀಳುತ್ತವೆ.

ಕಷ್ಟ ಇರೋದು ಕಡ್ಡಿ ಹೊಂದಿಸುವುದರಲ್ಲಿ. 1966ರ ಐಆರ್-8ರಿಂದ ಈಚೆಗೆ ಹರಡಿದ ಗಿಡ್ಡ ತಳಿಗಳ ಕಡ್ಡಿ ಮೋಟು. ರಾಜಮುಡಿಯಂಥ ಹಳೇ ತಳಿಗಳದ್ದು ಉದ್ದ. ಅದರ ಮೇಲೆ ಕಟಾವು ಮೆಷಿನ್ ಗದ್ದೆಗೆ ಇಳಿದರೆ ಕಾಳು ಬೇರೆ, ಹುಲ್ಲು ಬೇರೆ. ಕಡ್ಡಿ ಸಮೇತ ಒಂದು ತೆನೆಯೂ ಉಳಿಯಲ್ಲ. ಬೇಕೆನ್ನುವವರು ಮೆಷಿನ್ ಬರುವ ಮುಂಚೆಯೇ ಗದ್ದೆಯವರಿಗೆ ಹೇಳಿ ಒಂದು ಮೂಲೆ ಕೈಕೊಯ್ಲು ಮಾಡಿಸಿಕೊಳ್ಳಬೇಕು. ಕೂಲಿ ಹೆಚ್ಚು ಬೀಳುತ್ತೆ, ನಿಜ.

ಅಂಗಡಿಯವರು ಕಾಲದ ಲೆಕ್ಕ ಮರೆಯಬಾರದು. ಮುಂಗಾರಿನ ಭತ್ತ ಕೊಯ್ಲಿಗೆ ಬರೋದು ನವೆಂಬರ್-ಡಿಸೆಂಬರ್‌ನಲ್ಲಿ. ವರಮಹಾಲಕ್ಷ್ಮಿ ಬರುವ ಶ್ರಾವಣದಲ್ಲಿ ಇಲ್ಲಿನ ಗದ್ದೆಯಲ್ಲಿ ಇರೋದು ಬರೀ ಹಸಿರು ಪೈರು. ಹಬ್ಬದ ವಾರ ಹುಡುಕಿದರೆ ಹೊರಗಿನ ಮಾಲೇ ಗತಿ, ಇಲ್ಲವೇ ಚಿನ್ನದ ಬಣ್ಣದ ಪ್ಲಾಸ್ಟಿಕ್ಕು. ಸುಗ್ಗಿಯಲ್ಲೋ ಬೇಸಿಗೆ ಬೆಳೆಯಲ್ಲೋ ಕಟ್ಟಿಸಿ ಒಣಗಿಸಿಟ್ಟುಕೊಂಡವರಿಗೆ ಆ ಫಜೀತಿ ಇಲ್ಲ.

ಕೊಳ್ಳುವಾಗ ಮೆಲ್ಲಗೆ ಒಮ್ಮೆ ಕೊಡವಿ ನೋಡಿ. ಕಾಳು ಸುರಿದರೆ, ಬೂಷ್ಟಿನ ವಾಸನೆ ಬಂದರೆ ಬೇಡ. ಬಣ್ಣ ಅದ್ದಿದ್ದಕ್ಕಿಂತ ಬಣ್ಣ ಹಾಕದ ತೆನೆಯೇ ಮೇಲು. ಮಳೆ ಎರಚಲು ತಾಗದ, ಇಲಿಗೆ ಎಟುಕದ ಜಾಗದಲ್ಲಿ ಕಟ್ಟಿ. ಗುಬ್ಬಚ್ಚಿ ಬಂದು ಕುಕ್ಕಿದರೆ ಓಡಿಸೋದು ಬಿಡೋದು ಮನೆಯವರ ಇಷ್ಟ. ಹಳೇ ತೋರಣ ಇಳಿಸಿದಾಗ ಕಸದ ಗಾಡಿಗೆ ಹಾಕುವ ಬದಲು, ಬಣ್ಣ ಹಾಕದ್ದಾದರೆ, ಮಾಳಿಗೆ ಮೇಲೆ ಹಕ್ಕಿಗೆ ಇಡಬಹುದು.