ಸೈನಿಕನ ಅನುಭವ ಮತ್ತು ಚರಿತ್ರೆಯ ಆಕರ: ಆಸ್ಟ್ರೇಲಿಯದ ಯುದ್ಧಸ್ಮೃತಿಯ ಒಂದು ಪರಿಶೀಲನೆ

ಯುದ್ಧದ ಚರಿತ್ರೆಯನ್ನು ಬರೆಯುವವರಿಗೆ ಸೇನಾಪತಿಗಳ ಆಜ್ಞೆಗಳೂ ಸರ್ಕಾರದ ಕಡತಗಳೂ ಬಹುಮಟ್ಟಿಗೆ ದೊರೆಯುತ್ತವೆ. ಕಂದಕದಲ್ಲಿ ನಿಂತು ಕಾದಿದ ಸಾಮಾನ್ಯ ಸೈನಿಕನು ಏನನ್ನು ಕಂಡನು, ಏನನ್ನು ಸಹಿಸಿದನು ಎಂಬುದನ್ನು ತಿಳಿಯುವುದು ಅಷ್ಟು ಸುಲಭವಲ್ಲ. ಈ ವಿಷಯದಲ್ಲಿ ಆಸ್ಟ್ರೇಲಿಯದ ನಿದರ್ಶನವು ವಿಚಾರಾರ್ಹವಾದುದು. ಒಂದನೆಯ ಮಹಾಯುದ್ಧವು ನಡೆಯುತ್ತಿರುವಾಗಲೇ ಆ ದೇಶದವರು ತಮ್ಮ ಸೈನಿಕರ ಅನುಭವವನ್ನು ಉದ್ದೇಶಪೂರ್ವಕವಾಗಿ ಸಂಗ್ರಹಿಸಲು ತೊಡಗಿದರು. ಹೀಗೆ ಕೂಡಿಬಂದ ಸಾಮಗ್ರಿಯು ಆ ಅನುಭವದಲ್ಲಿ ಎಷ್ಟನ್ನು ಉಳಿಸಿತು, ಎಷ್ಟನ್ನು ಮರೆಮಾಡಿತು ಎಂಬುದನ್ನು ಪ್ರಕೃತ ಲೇಖನದಲ್ಲಿ ಪರಿಶೀಲಿಸುತ್ತೇವೆ.

೧೯೧೪ರಲ್ಲಿ ಆಸ್ಟ್ರೇಲಿಯದ ಜನಸಂಖ್ಯೆ ೫೦ ಲಕ್ಷವನ್ನು ಮುಟ್ಟಿರಲಿಲ್ಲ. ಅಷ್ಟರಲ್ಲಿ ೪ ಲಕ್ಷಕ್ಕೂ ಮಿಕ್ಕಿ ಜನ ಸೇನೆಗೆ ಸೇರಿದರು. ಸುಮಾರು ೬೦ ಸಾವಿರ ಮಂದಿ ಮಡಿದರು. ಕಡ್ಡಾಯ ಸೈನ್ಯಸೇವೆಯ ಸೂಚನೆಯನ್ನು ಪ್ರಜೆಗಳು ೧೯೧೬ ಮತ್ತು ೧೯೧೭ರ ಜನಮತಗಣನೆಗಳಲ್ಲಿ ತಿರಸ್ಕರಿಸಿದ್ದರಿಂದ, ಹೊರನಾಡಿಗೆ ಹೋದವರು ಸ್ವಇಚ್ಛೆಯಿಂದ ಸೇರಿದವರೇ ಆಗಿದ್ದರು. ಮಡಿದವರ ಕಳೇಬರಗಳನ್ನು ಸ್ವದೇಶಕ್ಕೆ ತರುವ ಪದ್ಧತಿ ಇರಲಿಲ್ಲ. ಮಗನ ಗೋರಿಯನ್ನು ಕಣ್ಣಾರೆ ಕಾಣುವ ಆಸೆಯಿಲ್ಲದ ತಾಯ್ತಂದೆಗಳಿಗೆ ಅವನ ಕಾಗದವೂ ದಿನಚರಿಯೂ ಗೆಳೆಯರು ಬರೆದ ನಾಲ್ಕು ಮಾತುಗಳೂ ಗೋರಿಯ ಸ್ಥಾನವನ್ನು ಪಡೆದವು. ಬರಹಗಳನ್ನು ಜೋಪಾನಮಾಡುವ ಶ್ರದ್ಧೆಗೆ ಇದೊಂದು ಮುಖ್ಯ ಕಾರಣವೆಂದು ನಾವು ಭಾವಿಸುತ್ತೇವೆ.

ಈ ಸಂಗ್ರಹಕಾರ್ಯದಲ್ಲಿ ಅಗ್ರಗಣ್ಯನಾದವನು ಚಾರ್ಲ್ಸ್ ಬೀನ್. ೧೯೧೪ರಲ್ಲಿ ಪತ್ರಿಕಾಕರ್ತರ ಸಂಘವು ಮತದಾನದ ಮೂಲಕ ಇವನನ್ನು ಅಧಿಕೃತ ಯುದ್ಧವರದಿಗಾರನನ್ನಾಗಿ ಆರಿಸಿತು. ೧೯೧೫ರ ಏಪ್ರಿಲ್ ೨೫ರಂದು ಸೈನಿಕರೊಡನೆಯೇ ಗ್ಯಾಲಿಪೊಲಿಯ ತೀರದಲ್ಲಿ ಇಳಿದ ಬೀನನು, ಕಂದಕದಿಂದ ಕಂದಕಕ್ಕೆ ನಡೆದು, ಕಾದಿದವರನ್ನೇ ಕೇಳಿ, ಇನ್ನೂರಕ್ಕೂ ಹೆಚ್ಚು ಪುಸ್ತಕಗಳಲ್ಲಿ ಟಿಪ್ಪಣಿ ಮಾಡಿಕೊಂಡನು. ಅವನ ಸಂಪಾದಕತ್ವದಲ್ಲಿ ೧೯೨೧ರಿಂದ ೧೯೪೨ರವರೆಗೆ ೧೨ ಸಂಪುಟಗಳ ಅಧಿಕೃತ ಚರಿತ್ರೆಯು ಹೊರಬಂದಿತು. ಅವುಗಳಲ್ಲಿ ಆರು ಅವನವೇ. ಅವನ ಸಂಪುಟಗಳಲ್ಲಿ ಸಾಮಾನ್ಯ ಸಿಪಾಯಿಯ ಹೆಸರು ಬಂದೆಡೆಯಲ್ಲಿಯೂ ಆತನ ಕಸುಬು, ಊರು ಮೊದಲಾದ ವಿವರಗಳು ಅಡಿಟಿಪ್ಪಣಿಯಲ್ಲಿ ದೊರೆಯುತ್ತವೆ. ಯುದ್ಧದ ಚರಿತ್ರೆಯಲ್ಲಿ ಒಕ್ಕಲಿಗನಿಗೂ ಗುಮಾಸ್ತನಿಗೂ ಇಂಥ ಸ್ಥಾನ ದೊರೆತುದು ಅಪೂರ್ವವೆನ್ನಬೇಕು. ೧೯೧೭ರ ಮೇ ತಿಂಗಳಲ್ಲಿ ಜಾನ್ ಟ್ರಿಲೋರನ ನೇತೃತ್ವದಲ್ಲಿ ಯುದ್ಧದಾಖಲೆಗಳ ಇಲಾಖೆಯೊಂದು ಲಂಡನ್ನಿನಲ್ಲಿ ಏರ್ಪಟ್ಟಿತು. ಅಲ್ಲಿ ಕಲೆಹಾಕಿದ ಕಾಗದಪತ್ರಗಳೂ ವಸ್ತುಗಳೂ ೧೯೪೧ರ ನವೆಂಬರ್ ೧೧ರಂದು ಕ್ಯಾನ್‌ಬೆರ‍್ರಾದಲ್ಲಿ ತೆರೆದ ಯುದ್ಧಸ್ಮಾರಕದ ಸಂಗ್ರಹಕ್ಕೆ ಆಧಾರವಾದವು. ಸ್ಮಾರಕದ ಗೋಡೆಯ ಮೇಲೆ ಈಗ ಒಂದು ಲಕ್ಷಕ್ಕೂ ಹೆಚ್ಚು ಮೃತರ ಹೆಸರುಗಳಿವೆ. ಯಾವ ಹೆಸರಿನೊಡನೆಯೂ ಪದವಿಯನ್ನು ಕೆತ್ತಿಲ್ಲ.

ಪ್ರತ್ಯಕ್ಷದರ್ಶಿಯ ಮಾತು ಎಂದಮಾತ್ರಕ್ಕೆ ಅದು ಸಂದೇಹಾತೀತವಾಗುವುದಿಲ್ಲ. ಮಾಜಿ ಪ್ರಧಾನಮಂತ್ರಿ ಆಲ್‌ಫ್ರೆಡ್ ಡೀಕಿನ್ನರ ಮಗಳಾದ ವೀರಾ ಡೀಕಿನ್ ೧೯೧೫ರ ಅಕ್ಟೋಬರಿನಲ್ಲಿ ಕೈರೋ ನಗರದಲ್ಲಿ ರೆಡ್‌ಕ್ರಾಸಿನ ವಿಚಾರಣಾಕೇಂದ್ರವೊಂದನ್ನು ಆರಂಭಿಸಿದಳು. ಗಾಯಗೊಂಡವರನ್ನೂ ಕಾಣೆಯಾದವರನ್ನೂ ಕುರಿತು ಅವರ ಸಂಗಡಿಗರನ್ನು ವಿಚಾರಿಸಿ ಮನೆಯವರಿಗೆ ತಿಳಿಸುವುದು ಇದರ ಕೆಲಸವಾಗಿತ್ತು. ಈ ಬಗೆಯ ಸುಮಾರು ೩೨ ಸಾವಿರ ಕಡತಗಳು ಉಳಿದುಬಂದಿವೆ. ಒಬ್ಬನ ಮರಣವನ್ನು ಕಂಡವರ ಹೇಳಿಕೆಗಳು ಒಂದೇ ಕಡತದಲ್ಲಿ ಪರಸ್ಪರ ವಿರುದ್ಧವಾಗಿರುವುದುಂಟು. ಹೊತ್ತು, ಸ್ಥಳ, ಗಾಯದ ಸ್ವರೂಪ ಇವುಗಳಲ್ಲಿಯೂ ಒಮ್ಮತವಿರುವುದಿಲ್ಲ. ಬೀನನೂ ತನ್ನ ದಿನಚರಿಗಳಿಗೆ ೧೯೪೬ರಲ್ಲಿ ಒಂದು ಎಚ್ಚರಿಕೆಯನ್ನು ಲಗತ್ತಿಸಿದನು: ಅವು ಬರೆಯುವ ಗಳಿಗೆಯಲ್ಲಿ ತನಗೆ ನಿಜವೆಂದು ತೋರಿದುದನ್ನು ಮಾತ್ರ ಹೇಳುತ್ತವೆ, ಎಷ್ಟೋ ವೇಳೆ ಬಳಲಿ ತೂಕಡಿಸುತ್ತ ಬರೆದವು ಎಂಬುದು ಅದರ ತಾತ್ಪರ್ಯ.

ಆಕರಗಳನ್ನು ಕೂಡಿಸಿದ ಕೈಯೇ ಅವುಗಳನ್ನು ಆರಿಸಿದುದೂ ಉಂಟು. ೧೯೧೫ರ ಕೊನೆಯಲ್ಲಿ ಗ್ಯಾಲಿಪೊಲಿಯ ಸೈನಿಕರಿಂದ ಲೇಖನ, ಪದ್ಯ, ಚಿತ್ರಗಳನ್ನು ಆಹ್ವಾನಿಸಿ, ಬೀನನು ‘ದಿ ಆನ್‌ಜ್ಯಾಕ್ ಬುಕ್’ ಎಂಬ ಗ್ರಂಥವನ್ನು ೧೯೧೬ರಲ್ಲಿ ಪ್ರಕಟಿಸಿದನು. ಅದು ಸೈನಿಕರದೇ ಧ್ವನಿಯೆಂದು ಜನ ಬಹುಕಾಲ ನಂಬಿದ್ದರು. ೧೯೮೫ರಲ್ಲಿ ಡೇವಿಡ್ ಕೆಂಟ್ ಎಂಬ ವಿದ್ವಾಂಸರು ಪ್ರಕಟವಾಗದೆ ಉಳಿದ ಹಸ್ತಪ್ರತಿಗಳನ್ನು ಪರಿಶೀಲಿಸಿ, ಭಯ, ಬೇಸರ, ಯುದ್ಧದ ಕ್ರೌರ್ಯ ಇವುಗಳನ್ನು ನಿಚ್ಚಳವಾಗಿ ಹೇಳಿದ ಬರಹಗಳು ಗ್ರಂಥದೊಳಗೆ ಬರಲಿಲ್ಲವೆಂದು ತೋರಿಸಿದರು. ಬೀನನು ಕೈಬಿಟ್ಟ ಬರಹಗಳನ್ನು ನಾಶಮಾಡದೆ ಕಾದಿರಿಸಿದ್ದರಿಂದಲೇ ಈ ವಿಮರ್ಶೆ ಸಾಧ್ಯವಾಯಿತೆಂಬುದನ್ನೂ ನಾವು ಮರೆಯಬಾರದು.

ಸೈನಿಕರ ಖಾಸಗಿ ಬರಹಗಳನ್ನು ವಿಪುಲವಾಗಿ ಬಳಸಿದ ಮೊದಲಿಗರಲ್ಲಿ ಬಿಲ್ ಗ್ಯಾಮೇಜ್ ಪ್ರಮುಖರು. ೧೯೭೪ರ ತಮ್ಮ ‘ದಿ ಬ್ರೋಕನ್ ಇಯರ್ಸ್’ ಗ್ರಂಥಕ್ಕಾಗಿ ಅವರು ಸುಮಾರು ಒಂದು ಸಾವಿರ ಸೈನಿಕರ ಪತ್ರಗಳನ್ನೂ ದಿನಚರಿಗಳನ್ನೂ ಓದಿದರು. ಉತ್ಸಾಹದಿಂದ ಹಡಗು ಹತ್ತಿದವರು ವರ್ಷಗಳು ಕಳೆದಂತೆ ಜೊತೆಗಾರನ ಮೇಲಣ ನಿಷ್ಠೆಯೊಂದನ್ನೇ ನೆಚ್ಚಿ ನಿಂತ ಬಗೆಯು ಅಲ್ಲಿ ಮನಮುಟ್ಟುವಂತೆ ವಿಶದವಾಗುತ್ತದೆ.

ಯುದ್ಧದಿಂದ ಮರಳಿದವರ ನೆನಪಿನ ಪ್ರಶ್ನೆಯು ಇನ್ನೂ ಜಟಿಲವಾದುದು. ಅಲಿಸ್ಟೇರ್ ಥಾಮ್ಸನ್ ೧೯೮೦ರ ದಶಕದಲ್ಲಿ ಮೆಲ್ಬರ್ನಿನ ವೃದ್ಧ ಸೈನಿಕರನ್ನು ಸಂದರ್ಶಿಸಿದಾಗ, ಕೆಲವರು ೧೯೮೧ರ ‘ಗ್ಯಾಲಿಪೊಲಿ’ ಚಲನಚಿತ್ರದ ದೃಶ್ಯಗಳನ್ನು ತಮ್ಮ ಅನುಭವವೆಂಬಂತೆ ಹೇಳಿದರು. ಇದನ್ನು ಸುಳ್ಳೆಂದು ತಳ್ಳಿಹಾಕುವುದು ನ್ಯಾಯವಲ್ಲ. ಸಮಾಜವು ಕೇಳಲು ಸಿದ್ಧವಾಗಿರುವ ಕಥೆಯೊಡನೆ ತನ್ನ ಬಾಳನ್ನು ಹೊಂದಿಸಿಕೊಂಡು ನೆಮ್ಮದಿ ಕಾಣುವ ಪ್ರಯತ್ನವದು. ಥಾಮ್ಸನ್ನರೂ ತಂದೆಯ ಕೋರಿಕೆಯನ್ನು ಮನ್ನಿಸಿ, ಯುದ್ಧದಿಂದ ಮರಳಿದ ತಮ್ಮ ತಾತನ ಮಾನಸಿಕ ಅಸ್ವಾಸ್ಥ್ಯವನ್ನು ೧೯೯೪ರ ಗ್ರಂಥದಲ್ಲಿ ಹೇಳದೆ ಬಿಟ್ಟಿದ್ದರು. ೨೦೧೩ರ ಆವೃತ್ತಿಯಲ್ಲಿ, ಸೈನಿಕರ ಪುನರ್ವಸತಿ ಇಲಾಖೆಯ ವೈದ್ಯಕೀಯ ಹಾಗೂ ವಿಶ್ರಾಂತಿವೇತನದ ಕಡತಗಳ ನೆರವಿನಿಂದ ಆ ಮೌನವನ್ನು ಮುರಿದರು. ವೀರಗಾಥೆಯು ಹೇಳದ ಸಂಗತಿಯನ್ನು ಗುಮಾಸ್ತರ ಕಡತವು ಹೇಳಿತು.

ದಾಖಲೆಯೇ ದುರ್ಲಭವಾದವರೂ ಇದ್ದಾರೆ. ಯೂರೋಪಿನ ಮೂಲದವರಲ್ಲವೆಂಬ ಕಾರಣದಿಂದ ಆದಿವಾಸಿಗಳನ್ನು ಸೇನೆಗೆ ತೆಗೆದುಕೊಳ್ಳಬಾರದೆಂಬ ನಿಯಮವಿದ್ದರೂ, ಒಂದನೆಯ ಮಹಾಯುದ್ಧದಲ್ಲಿ ಸಾವಿರಕ್ಕೂ ಹೆಚ್ಚು ಮಂದಿ ಆದಿವಾಸಿಗಳು ಸೇರಿದರು. ಅವರ ಸೇವೆಗೆಂದು ಕ್ಯಾನ್‌ಬೆರ‍್ರಾ ಸ್ಮಾರಕದ ಆವರಣದಲ್ಲಿ ಪ್ರತ್ಯೇಕ ಶಿಲ್ಪವೊಂದು ನಿಂತುದು ೨೦೧೯ರಲ್ಲಿ. ಎರಡನೆಯ ಮಹಾಯುದ್ಧದಲ್ಲಿ ಜಪಾನೀಯರಿಗೆ ಸೆರೆಸಿಕ್ಕ ೨೨ ಸಾವಿರ ಆಸ್ಟ್ರೇಲಿಯನ್ನರಲ್ಲಿ ಮೂರರಲ್ಲೊಂದು ಪಾಲಿಗೂ ಹೆಚ್ಚು ಜನ ಸತ್ತರು. ಬರ್ಮ–ಥಾಯ್‌ಲೆಂಡ್ ರೈಲುಮಾರ್ಗದ ಶಿಬಿರಗಳಲ್ಲಿ ವೈದ್ಯ ಎಡ್ವರ್ಡ್ ಡನ್‌ಲಪ್ ಗುಟ್ಟಾಗಿ ಬರೆದ ದಿನಚರಿಯು ಪುಸ್ತಕರೂಪದಲ್ಲಿ ಹೊರಬಂದುದು ೧೯೮೬ರಲ್ಲಿ. ಬರೆದ ದಿನಕ್ಕೂ ಓದಿದ ದಿನಕ್ಕೂ ನಡುವೆ ನಾಲ್ಕು ದಶಕಗಳ ಅಂತರ.

ಈ ವಿಷಯವು ನಮಗೆ ತೀರ ಹೊರಗಿನದೇನಲ್ಲ. ೧೯೧೮ರ ಸೆಪ್ಟೆಂಬರ್ ೨೩ರಂದು ಜೋಧಪುರದ ಅಶ್ವದಳದೊಡನೆ ಹೈಫಾ ಪಟ್ಟಣವನ್ನು ಗೆದ್ದ ಮೈಸೂರು ಅಶ್ವದಳವು, ಆಸ್ಟ್ರೇಲಿಯದ ಸೇನಾನಿ ಹ್ಯಾರಿ ಷೊವೆಲನ ಅಧೀನದಲ್ಲಿದ್ದ ಮರುಭೂಮಿ ಅಶ್ವಸೇನೆಗೇ ಸೇರಿದ್ದಿತು. ಅದೇ ಸೇನೆಯಲ್ಲಿ ಆಸ್ಟ್ರೇಲಿಯದ ಸವಾರರೂ ಇದ್ದರು. ಅವರ ದಿನಚರಿಗಳನ್ನು ಸಿಡ್ನಿಯಲ್ಲಿಯೂ ಕ್ಯಾನ್‌ಬೆರ‍್ರಾದಲ್ಲಿಯೂ ನಾವು ಇಂದು ಓದಬಹುದು. ಆ ಯುದ್ಧದಲ್ಲಿ ಫ್ರಾನ್ಸಿಗೆ ಹೋದ ಭಾರತೀಯ ಸಿಪಾಯಿಗಳ ಪತ್ರಗಳಾದರೋ, ಮುಖ್ಯವಾಗಿ ಪತ್ರಪರೀಕ್ಷಕರು ಆಯ್ದು ಇಂಗ್ಲಿಷಿಗೆ ಭಾಷಾಂತರಿಸಿದ ತುಣುಕುಗಳಾಗಿಯೇ ಉಳಿದಿವೆ. ಆಸ್ಟ್ರೇಲಿಯದ ಸೈನಿಕನನ್ನು ಅವನ ದೇಶ ಬರೆಯೆಂದು ಕೇಳಿತು. ಭಾರತೀಯ ಸಿಪಾಯಿಯ ಬರಹವನ್ನು ಅಧಿಕಾರವು ಸಂಶಯದಿಂದ ತೆರೆದು ನೋಡಿತು. ಎರಡು ಸಂಗ್ರಹಗಳ ಭೇದಕ್ಕೆ ಇದು ಮೂಲವೆಂದು ನಮ್ಮ ಅಭಿಪ್ರಾಯ.

ಆದಕಾರಣ ಸೈನಿಕನ ಸಾಕ್ಷ್ಯವನ್ನು ಓದುವಾಗ, ಅದನ್ನು ಯಾರು ಕೇಳಿದರು, ಯಾವಾಗ ಬರೆದದ್ದು, ಯಾರು ಆರಿಸಿದರು, ಯಾರ ಮಾತು ಬಿಟ್ಟುಹೋಯಿತು ಎಂಬ ಪ್ರಶ್ನೆಗಳನ್ನು ವಿದ್ಯಾರ್ಥಿಗಳು ಹಾಕಿಕೊಳ್ಳತಕ್ಕದ್ದು. ಸೇನೆಗೆ ಮಕ್ಕಳನ್ನು ಕಳುಹಿಸಿದ ಮನೆಗಳು ನಮ್ಮ ಜಿಲ್ಲೆಗಳಲ್ಲಿಯೂ ಇವೆ. ಅಲ್ಲಿ ಪೆಟ್ಟಿಗೆಯ ತಳದಲ್ಲಿ ಹಳೆಯ ಕಾಗದಗಳು ಇದ್ದಲ್ಲಿ ಅವನ್ನು ಹುಡುಕಿ, ಮನೆಯವರ ಒಪ್ಪಿಗೆ ಪಡೆದು ಪ್ರತಿಮಾಡಿಡುವ ಕೆಲಸವನ್ನು ಕಾಲೇಜುಗಳ ಇತಿಹಾಸ ವಿಭಾಗಗಳು ಕೈಗೊಂಡರೆ, ಮುಂದಿನ ಚರಿತ್ರಕಾರರಿಗೆ ಅದರಿಂದ ದೊಡ್ಡ ಉಪಕಾರವಾಗುತ್ತದೆ.